ಮಾವನ ಸುಳ್ಳು ಮೀನು

ನನ್ನ ಮಾವನ ಮುಂದಿನ ಹಲ್ಲೊಂದರಲ್ಲಿ ಸಣ್ಣ ಕಚ್ಚು ಇತ್ತು. ನೂಲು ಕಡಿದು ಕಡಿದು ಆದದ್ದು. ಬಂಟ್ವಾಳ ಪೇಟೆಯ ಬಟ್ಟೆ ಅಂಗಡಿಯೊಂದರ ಜಗಲಿಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ವಯಸ್ಸೆಲ್ಲ ದರ್ಜಿ ಕೆಲಸ ಮಾಡಿದವರು ಅವರು. ಕತ್ತರಿ ಕೈಗೆ ಸಿಗುವ ಹಾಗೆಯೇ ಇದ್ದರೂ ನೂಲನ್ನು ಹಲ್ಲಿನಿಂದಲೇ ಕಡಿಯುತ್ತಿದ್ದರು. ಒಂದೆಳೆ ನೂಲು ಸರಿಯಾಗಿ ಕೂರುವಷ್ಟು ಅಗಲ ಆ ಕಚ್ಚು. ಅದು ನಕ್ಕಾಗ ಮಾತ್ರ ಕಾಣುತ್ತಿತ್ತು. ಹಾಗಾಗಿ ಮದುವೆಯಾಗಿ ನರಿಕೊಂಬಿಗೆ ಬಂದ ಮೇಲೆ ಎಷ್ಟೋ ತಿಂಗಳು ನಾನು ಅದನ್ನು ನೋಡಿರಲಿಲ್ಲ.

ನಗದಿದ್ದುದಕ್ಕೆ ಕಾರಣ ಸಿಟ್ಟಲ್ಲ, ಸಂಶಯ. ಲೋಕದಲ್ಲಿ ಸರಿಯಾಗಿ ಕಟ್ಟಿದ್ದು, ಹೊಲಿದದ್ದು, ಮುಚ್ಚಿದ್ದು ಒಂದೂ ಇಲ್ಲ ಎಂಬುದು ಅವರ ನಂಬಿಕೆ. ಬಾಗಿಲ ಚಿಲಕ ಹಾಕಿದ ಮೇಲೆ ಎಳೆಯುತ್ತಿದ್ದರು. ಬಾವಿಯ ಹಗ್ಗ ಎಳೆಯುತ್ತಿದ್ದರು. ಬಸ್ಸು ಹತ್ತುವ ಮೊದಲು ಅದರ ಕಂಬಿಯನ್ನು ಎಳೆಯುತ್ತಿದ್ದರು. ಕಂಡಕ್ಟರ್ ಸೀಟಿ ಊದಿ ಊದಿ ಸಾಕಾಗಿ ಸುಮ್ಮನಾಗುತ್ತಿದ್ದ. ಪರಿಚಯವೇ ಇಲ್ಲದವರು ಮುಂದೆ ಬಂದು ನಿಂತರೂ ಅವರ ಅಂಗಿಯ ಗುಂಡಿಯನ್ನು ಎಳೆದು, "ಇದು ಯಾರು ಹೊಲಿದದ್ದು?" ಎಂದು ಕೇಳುತ್ತಿದ್ದರು. ಮನೆಯಲ್ಲಿ ನಾವು ಏನು ಮಾಡಿದೆವೆಂದು ಹೇಳಿದರೂ ಅವರ ಪ್ರಶ್ನೆ ಒಂದೇ: "ಎಳೆದು ನೋಡಿದ್ಯಾ?" ಮೀನು ಮಾರುವ ಹೆಂಗಸು ಅಂಗಳಕ್ಕೆ ಬಂದರೆ ಕಿವಿರು ಬಿಡಿಸಿ ನೋಡಿ, ಮೂಸಿ, ಬೆರಳಿನಿಂದ ಒತ್ತಿ, ಕೊನೆಗೂ "ನಿನ್ನೆಯದ್ದಾ ಇದು?" ಎನ್ನುತ್ತಿದ್ದರು. ಅವಳೂ ಬಿಡುತ್ತಿರಲಿಲ್ಲ. "ನಿಮಗೆ ನಾಳೆಯದ್ದು ಬೇಕಾದ್ರೆ ನಾಳೆ ತರ್ತೇನೆ" ಎನ್ನುತ್ತಿದ್ದಳು.

ಮನೆಯಲ್ಲಿ ನಮ್ಮ ಮಾತು ತುಳು. ಇಲ್ಲಿ ನಾನು ಅದನ್ನೆಲ್ಲ ನಮ್ಮ ಕಡೆಯ ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದೇನೆ. ಆದರೆ ಮಾವನಿಗೆ ಒಬ್ಬರ ಮೇಲೆ ನಿಜವಾದ ಸಂಶಯ ಹುಟ್ಟಿತೋ, ಅವರು ತುಳು ಬಿಟ್ಟು ಕನ್ನಡಕ್ಕೆ ಹೋಗುತ್ತಿದ್ದರು. ಅದೂ ಕಚೇರಿಯ ಕನ್ನಡ. ತಾಲೂಕು ಕಚೇರಿಯ ಗುಮಾಸ್ತರಿಗೆ ಅಂಗಿ ಹೊಲಿದು ಕೊಟ್ಟು ಕಲಿತದ್ದಿರಬೇಕು. "ತಾವು", "ಉದ್ದೇಶ", "ಅಗತ್ಯ" ಎಂಬ ಶಬ್ದಗಳು ಬಾಯಿಂದ ಹೊರಟವೆಂದರೆ ನಮಗೆ ಗೊತ್ತಾಗುತ್ತಿತ್ತು, ಯಾರಿಗೋ ಗ್ರಹಚಾರ ಕಾದಿದೆ ಎಂದು. ಅತ್ತೆ ಅಡುಗೆಮನೆಯಿಂದಲೇ, "ಕನ್ನಡ ಸುರುವಾಯ್ತು" ಎಂದು ನನಗೆ ಮೆಲ್ಲ ಹೇಳುತ್ತಿದ್ದರು.

ಅವರ ಸಂಶಯ ಯಾವಾಗಲೂ ನಿಜವಾಗುತ್ತಿತ್ತು ಎಂದು ಯಾರೂ ತಿಳಿಯಬಾರದು. ಒಮ್ಮೆ ನಾವಿಬ್ಬರೂ ಪೇಟೆಗೆ ಹೋಗಲು ದೋಣಿಯ ಹತ್ತಿರ ನಿಂತಿದ್ದೆವು. ದೋಣಿಯ ಹಲಗೆಯ ಬಣ್ಣ ನೋಡಿ ಮಾವನಿಗೆ ಏನೋ ಅನಿಸಿತು. "ಬೇಡ, ಸುತ್ತು ಹಾಕಿ ಪಾಣೆಮಂಗಳೂರು ಸಂಕದಲ್ಲಿ ಹೋಗುವ" ಎಂದರು. ಸುಡುಬಿಸಿಲಲ್ಲಿ ಸೇತುವೆ ದಾಟಿ ಪೇಟೆ ಮುಟ್ಟುವಾಗ ನನ್ನ ಹೊಸ ಚಪ್ಪಲಿಯ ಉಂಗುಷ್ಠ ಕಿತ್ತು ಹೋಗಿತ್ತು. ಆ ದೋಣಿ ಆಮೇಲೆ ಎಷ್ಟೋ ಮಳೆಗಾಲ ಜನ ದಾಟಿಸಿತು. ಅದಕ್ಕೆ ಏನೂ ಆಗಲಿಲ್ಲ.

ನನ್ನ ಅಣ್ಣನಿಗೂ ಅವರಿಗೂ ಮದುವೆಯ ದಿನವೇ ಸರಿ ಬಂದಿರಲಿಲ್ಲ. ನನ್ನ ತವರು ಮೂಡುಬಿದಿರೆಯ ಹತ್ತಿರ. ಅಪ್ಪ ತೀರಿಹೋದ ಮೇಲೆ ಮನೆ ನಡೆಸುತ್ತಿದ್ದವನು ಅಣ್ಣ. ಮಂಗಳೂರು ಬಂದರಿನಲ್ಲಿ ಬಲೆ, ನೂಲು, ಗಾಳ ಮಾರುವ ಅಂಗಡಿಯಲ್ಲಿ ಅವನಿಗೆ ಕೆಲಸ. ನನ್ನ ಮದುವೆಯ ಚಪ್ಪರವನ್ನು ಅವನು ತನ್ನ ಕೈಯಾರೆ ಹಾಕಿದ್ದ. ದಿಬ್ಬಣ ಬಂದಿಳಿಯಿತು. ಎಲ್ಲರೂ ಕಾಲು ತೊಳೆದು ಬೆಲ್ಲ ನೀರು ಕುಡಿಯುವಾಗ ಮಾವ ಒಬ್ಬರೇ ಹೋಗಿ ಚಪ್ಪರದ ಕಂಬಗಳನ್ನು ಒಂದೊಂದಾಗಿ ಎಳೆದು ನೋಡತೊಡಗಿದರು. ವಾಲಗದವರು ಕೂತ ಮೂಲೆಯ ಕಂಬವನ್ನು ಎಷ್ಟು ಜೋರಾಗಿ ಅಲ್ಲಾಡಿಸಿದರೆಂದರೆ ಅದು ವಾಲಿತು. ಹೊದಿಸಿದ ತೆಂಗಿನ ಮಡಲು ಸಮೇತ ಮಾಡಿನ ಒಂದು ಭಾಗ ಡೋಲಿನವನ ತಲೆಯ ಮೇಲೆ ಕೂತಿತು. "ನೋಡಿದ್ರಾ?" ಎಂದರು ಮಾವ, ಇಡೀ ಚಪ್ಪರಕ್ಕೆ ಕೇಳುವ ಹಾಗೆ. ಅಣ್ಣನ ಮುಖ ಕೆಂಪಾದದ್ದು ಮಣೆಯ ಮೇಲೆ ಕೂತ ನನಗೂ ಕಂಡಿತು. ಅವನು ಏನೂ ಹೇಳಲಿಲ್ಲ. ಹೇಳದೆ ಇದ್ದದ್ದೇ ಮಾವನಿಗೆ ಮನಸ್ಸಿನಲ್ಲಿ ಉಳಿಯಿತು. ಬೈದವರನ್ನು ಅವರು ಮರೆಯುತ್ತಿದ್ದರು, ಸುಮ್ಮನಿದ್ದವರನ್ನು ಮರೆಯುತ್ತಿರಲಿಲ್ಲ.

ಮಾವನಿಗೆ ಇದ್ದ ಒಂದೇ ಹುಚ್ಚು ಗಾಳ. ಅಂಗಡಿಯಿಂದ ಬಂದು ಅಂಗಿ ಕಳಚಿ, ಮುಂಡು ಮೇಲಕ್ಕೆ ಕಟ್ಟಿ, ನಮ್ಮ ಮನೆಯ ಕೆಳಗಿನ ಬಂಡೆಯಿಂದ ನೇತ್ರಾವತಿಗೆ ಇಳಿಯುತ್ತಿದ್ದರು. ಎರೆಹುಳ ಹಾಕಿ ಕಾದು ಕೂರುವ ಜಾತಿಯಲ್ಲ. ಗಾಳದ ಕುತ್ತಿಗೆಗೆ ಸೀಸ ಕರಗಿಸಿ ಒಂದು ಉಂಡೆ ಕೂರಿಸಿ, ಅದರ ಹಿಂದೆ ಹುಂಜದ ಬಾಲದ ಗರಿಯನ್ನು ಕೆಂಪು ನೂಲಿನಿಂದ ಸುತ್ತಿ, ಮೀನಿನ ಮರಿಯಂತೆ ಒಂದು ವಸ್ತು ಮಾಡುತ್ತಿದ್ದರು. ಅದನ್ನು ನೀರಿಗೆ ಬಿಟ್ಟು, ದಾರವನ್ನು ಮೆಲ್ಲ ಎತ್ತಿ, ಇಳಿಸಿ, ಎತ್ತಿ ಕುಣಿಸಬೇಕು. ಗಾಯಗೊಂಡ ಮರಿ ಒದ್ದಾಡುತ್ತಿದೆ ಎಂದುಕೊಂಡು ದೊಡ್ಡ ಮೀನು ನುಂಗುತ್ತದೆ. ಬಂದರಿನವರು ಅದಕ್ಕೆ ಜಿಗ್ ಎನ್ನುತ್ತಾರೆಂದು ಅಣ್ಣ ಹೇಳಿದ್ದ. ನಮ್ಮ ಮನೆಯಲ್ಲಿ ಅದರ ಹೆಸರು ಸುಳ್ಳು ಮೀನು. ಅದಕ್ಕೆ ಕಟ್ಟುವ ಗರಿ ಕೋಳಿ ಕಾಳಗದ ಅಂಕದಲ್ಲಿ ಗೆದ್ದ ಹುಂಜದ್ದೇ ಆಗಬೇಕು. ಸೋತ ಕೋಳಿಯ ಗರಿಯಾದರೆ ಮೀನಿಗೆ ಗೊತ್ತಾಗುತ್ತದಂತೆ. ಹೇಗೆ ಗೊತ್ತಾಗುತ್ತದೆ ಎಂದು ನಾನು ಒಮ್ಮೆ ಕೇಳಿದ್ದಕ್ಕೆ, "ನಿನಗೆ ಗೊತ್ತಾಗುದಿಲ್ಲ ಅಂತ ಮೀನಿಗೂ ಗೊತ್ತಾಗ್ಲಿಕ್ಕಿಲ್ಲವಾ?" ಎಂದರು.

ಮದುವೆಯ ನಂತರದ ದೀಪಾವಳಿಗೆ ಅಣ್ಣ ನನ್ನನ್ನು ನೋಡಲು ಬಂದ. ಬರುವಾಗ ಮಾವನಿಗೆಂದು ನೈಲಾನ್ ದಾರದ ಒಂದು ಉಂಡೆ ತಂದ. ಆಗ ಅದು ಹೊಸದು. ನಮ್ಮ ಊರಿನಲ್ಲಿ ಯಾರೂ ನೋಡಿರಲಿಲ್ಲ. ಅಲ್ಲಿಯವರೆಗೆ ಮಾವನದ್ದು ಮರದ ತೊಗಟೆಯ ರಸದಲ್ಲಿ ಅದ್ದಿ ಒಣಗಿಸಿದ ಹತ್ತಿಯ ನೂಲು. ಅವರು ನೈಲಾನನ್ನು ಬೆಳಕಿಗೆ ಹಿಡಿದರು, ಎಳೆದರು, ಉಗುರಿನಿಂದ ಗೀರಿದರು. "ನೀರಿಗೆ ಹಾಕಿದ್ರೆ ಕಾಣುದೇ ಇಲ್ಲ ಮಾವ" ಎಂದ ಅಣ್ಣ ಹೆಮ್ಮೆಯಿಂದ. "ಕಾಣದೇ ಇದ್ದದ್ದನ್ನು ನಂಬುದು ಹೇಗೆ ಮಾರಾಯ?" ಎಂದರು ಮಾವ. ಆದರೂ ತುಳುವಿನಲ್ಲೇ ಹೇಳಿದರು. ನನಗೆ ಸ್ವಲ್ಪ ಜೀವ ಬಂತು.

ಅಂದಿನಿಂದ ಮನೆಯಲ್ಲಿ ಒಂದೇ ಚರ್ಚೆ: ಸುಳ್ಳು ಮೀನನ್ನು ಆ ದಾರಕ್ಕೆ ಸೇರಿಸುವುದು ಹೇಗೆ? ಗಾಳದ ಕಣ್ಣಿಗೆ ಬಿಗಿಯಾಗಿ ಗಂಟು ಹಾಕಿದರೆ ಅದು ಕೋಲಿನಂತೆ ನೆಟ್ಟಗೆ ನಿಲ್ಲುತ್ತದೆ. ನುಂಗಲು ಬಂದ ಮೀನು ಸಂಶಯಪಟ್ಟು ತಿರುಗಿ ಹೋಗುತ್ತದೆ. ಮೀನಿನ ಈ ಸ್ವಭಾವದ ಬಗ್ಗೆ ಮಾವನಿಗೆ ಬಹಳ ಗೌರವ. ನಡುವೆ ಒಂದು ಕೊಕ್ಕೆ ಇಟ್ಟರೆ? ದರ್ಜಿಯ ಮನೆಯಲ್ಲಿ ಕೊಕ್ಕೆಗೇನು ಬರ. ಮೊದಲು ರವಕೆಯ ಹುಕ್ಕು ಹಾಕಿ ನೋಡಿದರು. ಅದು ನೇರವಾಯಿತು. ಆಮೇಲೆ ಸೇಫ್ಟಿ ಪಿನ್ನು ಹಾಕಿದರು. ಅದು ನೀರಿನೊಳಗೆ ಬಾಯಿ ಬಿಟ್ಟು, ಒಂದು ಒಳ್ಳೆಯ ಸುಳ್ಳು ಮೀನು ಹೊಳೆಗೆ ಕಾಣಿಕೆಯಾಯಿತು. ಉಳಿದದ್ದು ಅಣ್ಣ ಹೇಳಿದ ದಾರಿ. ಕಣ್ಣಿನೊಳಗೆ ದಾರ ತೂರಿಸಿ ಒಂದು ಸಣ್ಣ ಕುಣಿಕೆ ಬಿಟ್ಟು, ಕುಣಿಕೆಯ ಮೇಲೆ ಗಂಟು. ಸುಳ್ಳು ಮೀನು ಆ ಕುಣಿಕೆಯಲ್ಲಿ ಸಡಿಲವಾಗಿ ನೇತಾಡುತ್ತದೆ, ಜೀವ ಇದ್ದದ್ದರ ಹಾಗೆ ಆಡುತ್ತದೆ.

ಅಣ್ಣ ಜಗಲಿಯಲ್ಲಿ ಕೂತು ಅದನ್ನು ಕಟ್ಟಿ ತೋರಿಸಿದ. ಗಂಟು ಬಿಗಿಯುವ ಮುಂಚೆ ಅದನ್ನು ಬಾಯಿಗೆ ತೆಗೆದುಕೊಂಡು ಎಂಜಲಿನಲ್ಲಿ ಒದ್ದೆ ಮಾಡಿದ. ಮಾವ ಕೂತಲ್ಲಿಂದ ಎದ್ದೇ ಬಿಟ್ಟರು.

"ಎಂತ ಮಾಡ್ತಿ ನೀನು?"

"ಒದ್ದೆ ಮಾಡ್ಬೇಕು ಮಾವ. ಇದು ಹತ್ತಿಯ ಹಾಗಲ್ಲ. ಒಣಗಿದ್ದನ್ನು ಎಳೆದು ಬಿಗಿದ್ರೆ ತಿಕ್ಕಿ ಬಿಸಿಯಾಗಿ ಗಂಟಿನ ಜಾಗದಲ್ಲೇ ಬಲ ಹೋಗ್ತದೆ. ಬಂದರಿನಲ್ಲಿ ಎಲ್ಲರೂ ಹೀಗೇ ಮಾಡುದು."

"ಎಂಜಲು ಮಾಡಿ ಹೊಳೆಗೆ ಹಾಕುದಾ? ಕೆಳಗೆ ದೇವಸ್ಥಾನದವರು ಅಭಿಷೇಕಕ್ಕೆ ಇದೇ ನೀರು ಎತ್ತುದು, ಗೊತ್ತುಂಟಾ? ನಿಮ್ಮ ಬಂದರಿನವರದ್ದು ಉಪ್ಪುನೀರು. ಅಲ್ಲಿ ಏನು ಬೇಕಾದ್ರೂ ಮಾಡಿ."

ದಿನವಿಡೀ ನೂಲಿಗೆ ಎಂಜಲು ಹಚ್ಚಿ ಸೂಜಿಗೆ ಪೋಣಿಸುವವರು, ಹಲ್ಲಿನಲ್ಲೇ ಕಚ್ಚು ಇರುವವರು, ಹೊಳೆಯ ದಾರವನ್ನು ಮಾತ್ರ ಎಂದೂ ಬಾಯಿಯ ಹತ್ತಿರ ತರುತ್ತಿರಲಿಲ್ಲ. ಅದನ್ನು ಕಡಿಯಲು ಸೊಂಟದಲ್ಲಿ ಒಂದು ಬ್ಲೇಡಿನ ತುಂಡು ಇಟ್ಟುಕೊಳ್ಳುತ್ತಿದ್ದರು. ಹೊಳೆಯಲ್ಲಿ ಬಾಯಿ ಮುಕ್ಕಳಿಸುವವರನ್ನು ಕಂಡರೆ ಈ ದಡದಿಂದ ಆ ದಡಕ್ಕೆ ಕೇಳುವ ಹಾಗೆ ಬೈಯುತ್ತಿದ್ದರು. ಮೀನಿನ ರಕ್ತ ಹೊಳೆಗೆ ಬೀಳಬಹುದು, ಎಂಜಲು ಬೀಳಬಾರದು. ಇದರ ಲೆಕ್ಕಾಚಾರ ನನಗೆ ತಿಳಿಯದು. ಅದು ಅವರ ನೇಮ.

ಅಣ್ಣ ಕಟ್ಟಿದ್ದನ್ನು ಬಿಸಾಡಿ, ಅವನು ಹೋದ ಮೇಲೆ ಅದೇ ಕುಣಿಕೆಯನ್ನು ಮಾವ ತಾನೇ ಒಣಗಿದ ದಾರದಲ್ಲಿ ಕಟ್ಟಿದರು. ಜಗಲಿಯ ಮಾಡಿನ ಪಕ್ಕಾಸಿನಿಂದ ಅದನ್ನು ಇಳಿಬಿಟ್ಟು ಗಾಳಕ್ಕೆ ತನ್ನ ಹಿತ್ತಾಳೆಯ ಇಸ್ತ್ರಿ ಪೆಟ್ಟಿಗೆ ನೇತುಹಾಕಿದರು. ಒಂದು ಹಗಲು ಪೂರ್ತಿ ಅದು ಅಲ್ಲಿ ತೂಗಾಡಿತು. ನಾವು ತಲೆ ತಗ್ಗಿಸಿ ಓಡಾಡಿದೆವು. ಸಂಜೆ ಅದನ್ನು ಇಳಿಸಿ ಗಂಟನ್ನು ಬೆಳಕಿಗೆ ಹಿಡಿದು ನೋಡಿ, "ಎಂಜಲು ಬೇಡ, ಎಂತದೂ ಬೇಡ. ಈ ದಾರ ಒಳ್ಳೆಯದುಂಟು" ಎಂದರು. ಮರುದಿನ ದೋಣಿಯಲ್ಲಿ ನಾಲ್ಕು ಜನರ ಎದುರು ಅಣ್ಣನನ್ನು ಹೊಗಳಿದರಂತೆ. ಅತ್ತೆಗೆ ಅದನ್ನು ಯಾರೋ ಹೇಳಿದಾಗ ಅವರು ನಂಬಲಿಲ್ಲ.

ಆಮೇಲೆ ಆ ಮೀನು ಬಂತು. ನಾನು ಬಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದೆ, ಕಣ್ಣಾರೆ ಕಂಡದ್ದು. ಮಾವ ಸೊಂಟದವರೆಗೆ ನೀರಿನಲ್ಲಿ ನಿಂತು ದಾರ ಕುಣಿಸುತ್ತಿದ್ದವರು ಒಮ್ಮೆಗೇ ಹಿಂದಕ್ಕೆ ಬಾಗಿದರು. ಕೈಯಲ್ಲಿದ್ದ ದಾರ ಸರ್ರನೆ ಓಡಿತು. ಆಚೆ ಮಡುವಿನಲ್ಲಿ ಒಂದು ಬಾಳೆ ಮೀನು ಮೇಲೆದ್ದು ಹೊರಳಿತು. ಅದರ ಬಾಯಿಯ ಅಗಲ ನೋಡಿ ನನಗೆ ಭಯವಾಯಿತು. ಮಾವ ಎಳೆದರು, ಅದು ಎಳೆಯಿತು. ಅದು ಇನ್ನೊಮ್ಮೆ ತಲೆ ಕೊಡವಿದಾಗ ಟಪ್ ಎಂದು ಸದ್ದಾಗಿ ಮಾವ ಹಿಂದಕ್ಕೆ ಬಿದ್ದು ನೀರಿನಲ್ಲಿ ಕೂತರು. ಎದ್ದು ದಾರದ ತುದಿಯನ್ನು ಎಳೆದುಕೊಂಡು ನೋಡಿದರು. ಸುಳ್ಳು ಮೀನು ಇರಲಿಲ್ಲ. ಕುಣಿಕೆಯೂ ಇರಲಿಲ್ಲ. ಸರಿಯಾಗಿ ಗಂಟಿದ್ದ ಜಾಗದಲ್ಲಿ ತುಂಡಾಗಿತ್ತು.

ಅವರು ದಾರ ಸುತ್ತಿಕೊಂಡು ಮೇಲೆ ಹೋದರು. ನಾನು ಬಟ್ಟೆ ಹಿಂಡಿ ಮನೆಗೆ ಬರುವಾಗ ಜಗಲಿಯಲ್ಲಿ ಒದ್ದೆ ಮುಂಡಿನಲ್ಲೇ ಕೂತಿದ್ದರು.

"ತಮ್ಮ ಅಣ್ಣನವರು ಈ ದಾರವನ್ನು ಯಾವ ಉದ್ದೇಶದಿಂದ ತಂದರು?" ಎಂದರು.

ಸೊಸೆಗೆ "ತಮ್ಮ" ಎಂದದ್ದು ಕೇಳಿಯೇ ಈ ಸಲ ಗ್ರಹಚಾರ ನಮಗೇ ಎಂದು ಗೊತ್ತಾಯಿತು. ಅವರ ತರ್ಕ ಹೀಗಿತ್ತು: ಇಸ್ತ್ರಿ ಪೆಟ್ಟಿಗೆಯನ್ನು ಇಡೀ ಹಗಲು ಹೊತ್ತ ಗಂಟು ತಪ್ಪಲು ಸಾಧ್ಯವಿಲ್ಲ. ಅಂದರೆ ದಾರವೇ ಹಾಳು. ಬಂದರಿನ ಅಂಗಡಿಯಲ್ಲಿರುವವನಿಗೆ ಹಾಳು ದಾರ ಯಾವುದೆಂದು ಗೊತ್ತಿಲ್ಲವೇ? ಗೊತ್ತಿದ್ದೂ ಕೊಟ್ಟದ್ದು. ಚಪ್ಪರದ ಕಂಬಕ್ಕೆ ಸೇಡು. "ನಾನು ಒಮ್ಮೆ ನಂಬಿದೆ. ನನ್ನನ್ನು ಹತ್ತು ಜನರ ಮುಂದೆ ನಗೆಪಾಟಲು ಮಾಡುವುದಕ್ಕೇ ಇದನ್ನು ಕೊಟ್ಟದ್ದು. ಇನ್ನು ಮುಂದೆ ಅವರು ಈ ಮನೆಗೆ ಬರುವ ಅಗತ್ಯವಿಲ್ಲ" ಎಂದರು. ಸಿಟ್ಟಿಗಿಂತ ದುಃಖವೇ ಹೆಚ್ಚು ಇತ್ತು ಆ ಮಾತಿನಲ್ಲಿ. ಅಪರೂಪಕ್ಕೆ ನಂಬಿದವರಿಗೆ ಹಾಗಾಗುತ್ತದೆ.

ನನಗೆ ಆಗ ಬಸುರಿಯ ಸಂಕಟ ಶುರುವಾಗಿತ್ತು. ನಮ್ಮಲ್ಲಿ ಏಳನೇ ತಿಂಗಳಿನಲ್ಲಿ ತವರಿನವರು ಬರಬೇಕು. ಗಂಡನ ಮನೆಯಲ್ಲಿ ಬಯಕೆಯ, ಅಂದರೆ ಸೀಮಂತದ, ಮದ್ದು, ತಿಂಡಿ ಎಲ್ಲ ಆಗಿ, ಮೊದಲ ಹೆರಿಗೆಗೆ ಹೆಣ್ಣನ್ನು ಕರೆದುಕೊಂಡು ಹೋಗಬೇಕು. ಬರಬೇಕಾದವನು ಅಣ್ಣ. ಅಣ್ಣ ಅಂಗಳ ಹತ್ತಬಾರದು. ಹಾಗಾದರೆ ನನ್ನ ಹೆರಿಗೆ ಎಲ್ಲಿ? ನನಗೆ ಅಮ್ಮ ಬೇಕಿತ್ತು. ನೋವು ಬಂದಾಗ ಕೈ ಹಿಡಿಯಲು ಅಮ್ಮನೇ ಬೇಕು ಎಂದು ಹೊದ್ದುಕೊಂಡು ಅಳುತ್ತಿದ್ದೆ. ನನ್ನ ಗಂಡ ವಿಟ್ಲದಲ್ಲಿ ಮೇಷ್ಟ್ರು. ಶನಿವಾರ ಬಂದು ಸೋಮವಾರ ಹೋಗುವವರು. "ಅಪ್ಪ ತಣ್ಣಗಾಗ್ತಾರೆ, ನೋಡುವ" ಎನ್ನುವುದಷ್ಟೇ ಅವರ ಧೈರ್ಯ.

ಆ ತಿಂಗಳುಗಳಲ್ಲಿ ನಮ್ಮ ಮನೆಯ ತುಂಬ ಸಂಶಯವೇ ಓಡಾಡುತ್ತಿತ್ತು. ನಾನು ಕದ್ದು ತವರಿಗೆ ಕಾಗದ ಹಾಕುತ್ತೇನೆ ಎಂದು ಅತ್ತೆಗೆ. ಸೊಸೆಯನ್ನು ಕಳಿಸದಿರಲು ನೆಪ ಬೇಕಾಗಿ ದಾರವನ್ನು ಮಾವನೇ ಬ್ಲೇಡಿನಿಂದ ಕುಯ್ದಿದ್ದಾರೆ ಎಂದು ಅಲ್ಲಿ ಸುದ್ದಿ ಮುಟ್ಟಿದ ಅಣ್ಣನಿಗೆ. ಹೇಳಲು ನಾಚಿಕೆ ಇಲ್ಲ, ನನಗೂ ಒಮ್ಮೊಮ್ಮೆ ಹಾಗೇ ಅನಿಸುತ್ತಿತ್ತು. ಆ ಮೀನು ತಲೆ ಕೊಡವಿದ್ದನ್ನು ನಾನೇ ನೋಡಿದ್ದೆ, ಆದರೂ ಅನಿಸುತ್ತಿತ್ತು. ಮಾವ ನೀರು ಕುಡಿಯುವ ಮುಂಚೆ ಲೋಟದೊಳಗೆ ನೋಡುವುದನ್ನು ಕಂಡಾಗ, ನಾನೇನು ವಿಷ ಹಾಕಿದ್ದೇನೆಯೇ ಎಂದು ಮೈ ಉರಿಯುತ್ತಿತ್ತು. ಅವರು ನಾನು ಬರುವ ಮೊದಲಿನಿಂದಲೂ ಹಾಗೆ ನೋಡುತ್ತಿದ್ದರಂತೆ. ಅದು ನನಗೆ ಆಗ ಗೊತ್ತಿರಲಿಲ್ಲ.

ಏಳನೇ ತಿಂಗಳು ಬಂತು. ಹೊಳೆ ಇಳಿದು ತಿಳಿಯಾಗಿತ್ತು. ಒಂದು ಆದಿತ್ಯವಾರ ಬೆಳಿಗ್ಗೆ ಅತ್ತೆ ಬಾಗಿಲಲ್ಲಿ ನಿಂತು, "ಹೊಳೆಬದಿಗೆ ನಿನ್ನ ಅಣ್ಣ ಬಂದಿದ್ದಾನೆ. ಮಾವ ಕೂಡ ಅಲ್ಲೇ ಇದ್ದಾರೆ. ಇಳಿಯುವಾಗ ಜಾಗ್ರತೆ" ಎಂದರು. ಅಷ್ಟು ಹೇಳಿ ಅಕ್ಕಿ ತೊಳೆಯಲು ಒಳಗೆ ಹೋದರು. ಎಷ್ಟು ಅಕ್ಕಿ ಅಳೆದಿದ್ದಾರೆಂದು ನೋಡಿದೆ. ಒಬ್ಬರಿಗೆ ಹೆಚ್ಚು ಇತ್ತು.

ನಾನು ಹೊಟ್ಟೆ ಹಿಡಿದುಕೊಂಡು ಬಂಡೆಯವರೆಗೆ ಇಳಿದೆ. ಅಂಗಳಕ್ಕೆ ಬರಬಾರದು ಎಂದಿದ್ದರಲ್ಲ, ಹೊಳೆಗೆ ಬರಬಾರದು ಎಂದಿರಲಿಲ್ಲ. ಅಣ್ಣ ಪ್ಯಾಂಟು ಮಡಚಿ ಮೊಣಕಾಲು ನೀರಿನಲ್ಲಿ ಮಾವನ ಎದುರು ನಿಂತಿದ್ದ.

"ತಾವು ಇಲ್ಲಿಗೆ ಬಂದ ಉದ್ದೇಶವೇನು?" ಎಂದು ಮಾವ ಕೇಳುತ್ತಿದ್ದರು.

"ತಂಗಿಯನ್ನು ಕರ್ಕೊಂಡು ಹೋಗ್ಲಿಕ್ಕೆ. ಆದ್ರೆ ಕಳ್ಳ ಅನ್ನಿಸಿಕೊಂಡು ನಿಮ್ಮ ಮನೆಗೆ ಬರುದಿಲ್ಲ ನಾನು. ಆ ದಾರ ಕೊಡಿ. ನಿಮ್ಮ ಮನೆಯಲ್ಲಿ ಉಳಿದದ್ದೇ ಕೊಡಿ, ಹೊಸತು ಬೇಡ. ಒಂದು ನೀವು ಕಟ್ಟಿ, ಒಂದು ನಾನು ಕಟ್ತೇನೆ. ಎಳೆದು ನೋಡುವ."

ಅವರ ಮಾತನ್ನೇ ಅವರಿಗೆ ಹೇಳಿದ್ದ. ಮಾವ ಸೊಂಟದ ಚೀಲದಿಂದ ದಾರದ ಉಂಡೆ ತೆಗೆದರು. ಹಾಳು ದಾರ ಎಂದು ಬೈದವರು ಅದನ್ನು ಬಿಸಾಡಿರಲಿಲ್ಲ. ಸುಳ್ಳು ಮೀನಿಗೆ ತನ್ನ ಒಣ ಕುಣಿಕೆ ಕಟ್ಟಿದರು. ಅಣ್ಣ ಇನ್ನೊಂದಕ್ಕೆ ಕಟ್ಟಿದ. ಗಂಟನ್ನು ಸಡಿಲವಾಗಿ ಇಟ್ಟು ಬಾಯಿಯ ಹತ್ತಿರ ತಂದ. ಮಾವ ತಟ್ಟನೆ ಅವನ ಮುಂಗೈ ಹಿಡಿದರು.

"ಎಂಜಲು ಬೇಡ!"

"ಒದ್ದೆ ಮಾಡದೆ ನಾನು ಬಿಗಿಯುದಿಲ್ಲ!"

"ನನ್ನ ಹೊಳೆಯಲ್ಲಿ ಆಗ್ಲಿಕ್ಕಿಲ್ಲ ಅದು!"

"ಹಾಗಾದ್ರೆ ಸೋತೆ ಅಂತ ಒಪ್ಪಿಕೊಳ್ಳಿ!"

ಒಬ್ಬರು ಕೈ ಬಿಡಲಿಲ್ಲ, ಒಬ್ಬರು ಬಾಯಿ ಮುಚ್ಚಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ಹೋರಿಗಳ ಹಾಗೆ ನಿಂತಿದ್ದರು. ನನಗೆ ಹೊಟ್ಟೆಯಲ್ಲಿ ಮಗು ಒದೆಯಿತು, ಬಿಸಿಲು ಕಣ್ಣಿಗೆ ಹೊಡೆಯಿತು, ಸಿಟ್ಟು ನೆತ್ತಿಗೇರಿತು.

"ಅಣ್ಣ, ಮಾವ, ಇಬ್ಬರೂ ಕೇಳಿ. ಒದ್ದೆ ಆದ್ರೆ ಸಾಕಲ್ಲವಾ? ನಿಂತದ್ದು ಎಲ್ಲಿ ನೀವು?"

ಇಬ್ಬರೂ ಕೆಳಗೆ ನೋಡಿದರು. ಸುತ್ತ ನೇತ್ರಾವತಿ ಹರಿಯುತ್ತಿತ್ತು.

ಯಾರೂ ನಗಲಿಲ್ಲ. ಬಂದರಿನಲ್ಲಿ ಕಟ್ಟುವವರು ಅಂಗಡಿಯ ಜಗಲಿಯಲ್ಲಿ ಕೂತು ಕಟ್ಟುವುದು. ಅಲ್ಲಿ ಹತ್ತಿರ ಇರುವ ನೀರು ಬಾಯಿಯದ್ದು ಮಾತ್ರ. ಅಣ್ಣ ಕಂಡದ್ದು ಅದನ್ನು, ಕಲಿತದ್ದು ಅದನ್ನು. ಮಾವ ಎಂಜಲು ಎಂಬ ಶಬ್ದ ಕೇಳಿದ ಮೇಲೆ ಮುಂದಿನದ್ದನ್ನು ಕೇಳಿಸಿಕೊಂಡೇ ಇರಲಿಲ್ಲ. ಮಾವ ಮೆಲ್ಲ ಅಣ್ಣನ ಕೈ ಬಿಟ್ಟರು. ಅಣ್ಣ ಕೈಯನ್ನು ಹೊಳೆಯಲ್ಲಿ ಮುಳುಗಿಸಿ, ನೀರಿನೊಳಗೇ ಗಂಟು ಬಿಗಿದ.

ದಡದಲ್ಲಿ ನೇರಳೆ ಮರದ ಬೇರೊಂದು ನೀರಿಗೆ ಇಳಿದಿತ್ತು. ಗಾಳವನ್ನು ಅದಕ್ಕೆ ಸಿಕ್ಕಿಸಿ ಮಾವ ಮೊದಲು ತನ್ನದನ್ನು ಎಳೆದರು. ಮೆಲ್ಲ ಎಳೆದಾಗ ಅದು ನಿಂತಿತು. ಬಾಳೆ ಮೀನು ಕೊಡವಿದ ಹಾಗೆ ಒಮ್ಮೆ ಜಗ್ಗಿದರು. ಟಪ್. ಅದೇ ಸದ್ದು. ತುಂಡಾದ ತುದಿಯನ್ನು ನೋಡಿದರು. ಆಮೇಲೆ ಅಣ್ಣನದ್ದನ್ನು ಸಿಕ್ಕಿಸಿ ಜಗ್ಗಿದರು. ಮತ್ತೆ ಜಗ್ಗಿದರು. ದಾರವನ್ನು ಮುಂಗೈಗೆ ಸುತ್ತಿ, ಕಾಲನ್ನು ಬಂಡೆಗೆ ಒತ್ತಿ ಜಗ್ಗಿದರು. ಬೇರು ಅಲ್ಲಾಡಿತೇ ಹೊರತು ಗಂಟು ಬಿಡಲಿಲ್ಲ. ಅವರ ಮುಂಗೈಯಲ್ಲಿ ದಾರ ಕೊಯ್ದು ಕೆಂಪು ಗೆರೆ ಮೂಡಿತ್ತು.

ಇಸ್ತ್ರಿ ಪೆಟ್ಟಿಗೆ ಎಷ್ಟು ಭಾರವಿದ್ದರೂ ಸುಮ್ಮನೆ ನೇತಾಡುವಂಥದ್ದು, ಅದು ಮೀನಿನಂತೆ ಕೊಡವುವುದಿಲ್ಲ ಎಂಬುದು ಅವರಿಗೆ ಆಗ ಹೊಳೆದಿರಬೇಕು. ದಾರದ ಉಂಡೆಯನ್ನು ಮತ್ತೆ ಸೊಂಟದ ಚೀಲಕ್ಕೆ ಹಾಕಿದರು. ತಪ್ಪಾಯಿತು ಎಂದು ಅವರು ಹೇಳಲಿಲ್ಲ. ನಾನು ಕಾಯುತ್ತಿದ್ದದ್ದು ಆ ಮಾತಿಗೂ ಅಲ್ಲ. ಯಾವ ಭಾಷೆಯಲ್ಲಿ ಬಾಯಿ ತೆರೆಯುತ್ತಾರೆ ಎಂದು ಕಾಯುತ್ತಿದ್ದೆ.

"ಬಿಸಿಲಲ್ಲಿ ನಿಲ್ಬೇಡ ಮಗಾ, ಮೇಲೆ ಹೋಗುವ" ಎಂದರು ತುಳುವಿನಲ್ಲಿ. ಆಮೇಲೆ ಅಣ್ಣನ ಕಡೆ ತಿರುಗದೆ, "ಅವನಿಗೂ ಊಟ ಉಂಟು ಅಂತ ಹೇಳು" ಎಂದರು. ನಾನು ಅಲ್ಲೇ ಬಂಡೆಯ ಮೇಲೆ ಕೂತು ಅತ್ತುಬಿಟ್ಟೆ. ಮಾವ ಗಾಬರಿಯಾಗಿ, "ಎಂತ, ನೋವುಂಟಾ? ಎಂತಾಯ್ತು?" ಎಂದು ಅಣ್ಣನನ್ನೇ ಕೇಳಿದರು.

ಮೇಲೆ ಹತ್ತುವಾಗ ಮಾತ್ರ ನನ್ನ ಹತ್ತಿರ ಬಂದು ಗುಟ್ಟಿನಲ್ಲಿ, "ನಿನ್ನ ಅಣ್ಣನಿಗೆ ನೀರಾದ್ರೂ ಸಾಕು ಅಂತ ಮೊದ್ಲೇ ಗೊತ್ತಿತ್ತು. ನನ್ನನ್ನು ಪರೀಕ್ಷೆ ಮಾಡಿದ ಅವನು" ಎಂದರು. ಹಾಗೆ ಹೇಳಿ ನಕ್ಕರು. ಹಲ್ಲಿನ ಕಚ್ಚನ್ನು ನಾನು ಮೊದಲ ಬಾರಿ ನೋಡಿದ್ದು ಆಗ.

ಅಣ್ಣ ಬಯಕೆ ಮಾಡಿಸಿ ನನ್ನನ್ನು ಕರೆದುಕೊಂಡು ಹೋದ. ಅಮ್ಮನ ಕೈ ಹಿಡಿದುಕೊಂಡೇ ನಾನು ಹೆತ್ತೆ. ಮಗುವನ್ನು ಎತ್ತಿಕೊಂಡು ನರಿಕೊಂಬಿಗೆ ತಿರುಗಿ ಬಂದ ದಿನ, ಜಗಲಿಯ ಪಕ್ಕಾಸಿನಿಂದ ಒಂದು ಹೊಸ ತೊಟ್ಟಿಲು ಇಳಿಬಿದ್ದಿತ್ತು. ಅದರೊಳಗೆ ಇಸ್ತ್ರಿ ಪೆಟ್ಟಿಗೆ ಮಲಗಿತ್ತು. ಮಾವ ಪಕ್ಕದಲ್ಲಿ ನಿಂತು ತೊಟ್ಟಿಲನ್ನು ಜಗ್ಗಿ ಜಗ್ಗಿ ನೋಡುತ್ತಿದ್ದರು. ಸುಮ್ಮನೆ ನೇತುಹಾಕಿ ಬಿಡುವ ಕಾಲ ಮುಗಿದಿತ್ತು. ಹಗ್ಗದ ಗಂಟುಗಳು ಒದ್ದೆಯಾಗಿದ್ದವು. ತೆಂಗಿನ ನಾರಿನ ಹಗ್ಗಕ್ಕೆ ಅದು ಬೇಕಿಲ್ಲ ಎಂದು ಯಾರೂ ಅವರಿಗೆ ಹೇಳಲು ಹೋಗಲಿಲ್ಲ. ಅಷ್ಟು ದಿನ ಅವರ ಸಂಶಯವನ್ನು ನನ್ನ ಮೇಲಿನ ಅಪನಂಬಿಕೆ ಎಂದೇ ತಿಳಿದಿದ್ದೆ. ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನನ್ನ ಮಗುವಿಗೆ ಜಾಗ ಮಾಡಿಕೊಟ್ಟ ಆ ಕೈಗಳನ್ನು ನೋಡಿದ ಮೇಲೆ ಹಾಗೆ ತಿಳಿಯಲು ಆಗಲಿಲ್ಲ. ನನ್ನ ಮಕ್ಕಳೆಲ್ಲ ಆ ತೊಟ್ಟಿಲಿನಲ್ಲೇ ಬೆಳೆದರು. ಇವತ್ತಿಗೂ ನಾನು ಬಾಗಿಲು ಹಾಕಿದರೆ ಎಳೆದು ನೋಡುತ್ತೇನೆ, ಮೊಮ್ಮಕ್ಕಳು ನಗುತ್ತಾರೆ.

ಬಾಳೆ ಮೀನು ಮತ್ತೆ ಸಿಕ್ಕಿತೇ ಎಂದು ಕೇಳುವವರಿದ್ದಾರೆ. ಅಷ್ಟು ದೊಡ್ಡದು ಸಿಗಲಿಲ್ಲ. ಸಣ್ಣಪುಟ್ಟವು ಬಂದವು. ಅಣ್ಣ ಬಂದಾಗಲೆಲ್ಲ ಇಬ್ಬರೂ ಹೊಳೆಗೆ ಇಳಿಯುತ್ತಿದ್ದರು. ಅಣ್ಣ ಕಟ್ಟಿದ ಗಂಟನ್ನು ಮಾವ ಪ್ರತಿ ಸಲವೂ ಎಳೆದು ನೋಡಿಯೇ ನೀರಿಗೆ ಬಿಡುತ್ತಿದ್ದರು. ಅಣ್ಣನಿಗೆ ಅದರಿಂದ ಬೇಸರವಾಗುವುದು ನಿಂತಿತ್ತು.

ಅರುವತ್ತರ ದಶಕದ ನಡುವೆ ಮಾವ ಹಾಸಿಗೆ ಹಿಡಿದರು. ಎದೆಯಲ್ಲಿ ಕಫ ಕಟ್ಟಿ ಮಾತು ಕಡಿಮೆಯಾಯಿತು. ಮದ್ದಿನ ಬಾಟ್ಲಿಯ ಮುಚ್ಚಳವನ್ನು ಮಾತ್ರ ಕೊನೆಯವರೆಗೂ ತಿರುಗಿಸಿ ನೋಡುತ್ತಿದ್ದರು. ಕೊನೆಯ ದಿನ ಮಧ್ಯಾಹ್ನ ಅಣ್ಣ ಮೂಡುಬಿದಿರೆ ಬಸ್ಸಿನಿಂದ ಇಳಿದವನು ಅವರ ಮುಖ ನೋಡಿದ. ಚೆಂಬು ಹಿಡಿದುಕೊಂಡು ಹೊಳೆಗೆ ಹೋದ. ತಂದ ನೀರನ್ನು ನಾನು ಚಮಚದಲ್ಲಿ ಎತ್ತಿ ಅವರ ತುಟಿಯ ಹತ್ತಿರ ಹಿಡಿದೆ. ಅವರು ತುಟಿ ಬಿಗಿದು ಮುಖ ತಿರುಗಿಸಿದರು.

"ಈ ನೀರನ್ನು ತಂದವರು ಯಾರು?" ಎಂದರು. ಕನ್ನಡದಲ್ಲಿ, ಒಂದೊಂದೇ ಶಬ್ದ.

"ಅಣ್ಣ ತಂದದ್ದು ಮಾವ. ನಮ್ಮ ಬಂಡೆಯ ಹತ್ತಿರದ್ದೇ."

ಅವರ ಕಣ್ಣು ಬಾಗಿಲಲ್ಲಿ ನಿಂತಿದ್ದ ಅಣ್ಣನ ಕಡೆ ಹೋಯಿತು. ಅವನ ಪ್ಯಾಂಟು ಮೊಣಕಾಲಿನವರೆಗೆ ಒದ್ದೆಯಾಗಿತ್ತು. ಆ ಒದ್ದೆಯನ್ನು ನೋಡಿದರು.

"ಕೊರ್ಲ ಮಗಾ" ಎಂದರು. ಕೊಡು ಮಗಾ ಎಂದು, ತುಳುವಿನಲ್ಲಿ.

ಬಾಯಿ ತೆರೆದಾಗ ಹಲ್ಲಿನ ಆ ಕಚ್ಚು ಕಂಡಿತು. ನೀರಿಗಾಗಿ ಬಾಯಿ ತೆರೆದದ್ದೋ, ಅಣ್ಣನನ್ನು ನೋಡಿ ನಕ್ಕದ್ದೋ, ಆ ಒಂದು ಸಂಶಯ ಮಾತ್ರ ನನಗೆ ಇನ್ನೂ ಉಳಿದಿದೆ.